ನಿಂತೇ ಉಡಿ ತುಂಬಿಸಿಕೊಂಡ ಬೀಗತಿ

ಬೀಳಗಿ, 27 ನವೆಂಬರ್ 2023

ಬೀಗತಿ ಇಂದ್ರವ್ವನವರಿಗೆ ರಾಜೇಶ್ವರಿಯ ಶರಣು.

ಅಕ್ಷತಾಳ ಸೀಮಂತದ ಕುಬಸ ಸುಸೂತ್ರ ಮುಗಿಯಿತು. ಅತ್ತೆಯಾಗಿ ನೀವು ಸೊಸೆಗೆ ತಂದ ಬುತ್ತಿಯನ್ನು ಓಣಿಯ ಮನೆಮನೆಗೂ ಬೀರಿದೆವು. ಶೇಂಗಾ ಹೋಳಿಗೆಯನ್ನು ಹೊಗಳದವರಿಲ್ಲ. ಇಷ್ಟು ಹೇಳಲು ಫೋನೇ ಸಾಕಿತ್ತು. ಆದರೆ ನಿಮ್ಮ ಕೈ ಸದಾ ಹಿಟ್ಟಿನಲ್ಲಿರುತ್ತದೆ, ಫೋನು ಖಾನಾವಳಿಯ ಗಲ್ಲೆಯ ಮೇಲೆ ಸ್ಪೀಕರ್ ಹಾಕಿಕೊಂಡು ಮಲಗಿರುತ್ತದೆ. ನಾನು ಮನಸ್ಸಿನ ಮಾತು ಆಡುವಾಗ ನಡುವೆ ಯಾರೋ "ಅವ್ವಾರ, ಇನ್ನೊಂದು ಬಿಸಿ ರೊಟ್ಟಿ" ಅನ್ನುತ್ತಾರೆ. ಅದಕ್ಕೇ ಈ ಕಾಗದ.

ನೀವು ನಮ್ಮ ಮನೆಯಲ್ಲಿ ಕೂಡಲಿಲ್ಲ.

ಜಮಖಾನೆ ಹಾಸಿತ್ತು, ಮಣೆ ಇಟ್ಟಿತ್ತು. ನಮ್ಮ ನಾದಿನಿ "ಕುಂದರ್ರಿ ಬೀಗತಿಯವರ, ಉಡಿ ತುಂಬಬೇಕು" ಎಂದು ಅಂಗಲಾಚಿದಳು. ನೀವು ನಿಂತಲ್ಲೇ ಸೆರಗು ಚಾಚಿ "ನಿಂತವರ ಉಡಿಗೆ ತೂತು ಬಿದ್ದಿರತೈತೇನ್ರಿ? ತುಂಬ್ರಿ" ಅಂದಿರಿ. ಹೆಂಗಸರು ನಕ್ಕರು. ನಾನು ನಗಲಿಲ್ಲ. ಊಟದ ಹೊತ್ತಿಗೆ ಬಸ್ಸಿನ ನೆಪ ಹೇಳಿ ಹೊರಟೇಬಿಟ್ಟಿರಿ. ಬೀಗರ ಮನೆಗೆ ಬಂದು ನೆಲಕ್ಕೆ ಮೈ ತಾಗಿಸದೆ ಹೋದರೆ ಸಂಬಂಧ ಸಾಕಾಯಿತು ಎಂದೇ ನಮ್ಮ ಕಡೆ ಅರ್ಥ. ನಿಮ್ಮ ಕಡೆಯೂ ಅದೇ. ಜಮಖಂಡಿ ಬೇರೆ ದೇಶವಲ್ಲ.

ನಮ್ಮಿಂದ ಆದ ತಪ್ಪೇನು, ಬರೆಯಿರಿ. ಮಗಳು ಏಳು ತಿಂಗಳ ಬಸುರಿ. ಅವಳ ಕಿವಿಗೆ ಇದು ಬೀಳುವುದು ಬೇಡ.

ರಾಜೇಶ್ವರಿ


ಜಮಖಂಡಿ, 3 ಡಿಸೆಂಬರ್ 2023

ಸಾಲಿ ಕಲಿಸಿದ ಬೀಳಗಿಯ ಅಕ್ಕೋರಿಗೆ, ಹಿಟ್ಟಿನ ಕೈ ತೊಳೆದುಕೊಂಡು ಇಂದ್ರವ್ವ ಬರೆಯುವುದು.

ಸಾಲಿ ಬಿಟ್ಟ ಮೇಲೆ ನನ್ನನ್ನು ಯಾರೂ ಇಷ್ಟು ದುಂಡಗಿನ ಅಕ್ಷರದಲ್ಲಿ ಬೈದಿರಲಿಲ್ಲ. ಓದಿ ಸಂತೋಷವೇ ಆಯಿತು. ಬೈಯುವವರು ನಮ್ಮನ್ನು ಇನ್ನೂ ಲೆಕ್ಕದಲ್ಲಿ ಇಟ್ಟುಕೊಂಡಿರುತ್ತಾರೆ. ಬಿಟ್ಟವರು ಬೈಯುವ ಶ್ರಮ ತೆಗೆದುಕೊಳ್ಳುವುದಿಲ್ಲ.

ನನಗೆ ಯಾವ ಸಿಟ್ಟೂ ಇಲ್ಲ. ಮಂಡಿ ನೋವು, ಅಷ್ಟೆ. ಕುಂತರೆ ಎಬ್ಬಿಸಲು ಇಬ್ಬರು ಬೇಕು. ಕೆಸರಿಗೆ ಬಿದ್ದ ಎಮ್ಮೆಯನ್ನು ಎತ್ತಿದ ಹಾಗೆ ಬೀಗರ ಮನೆಯಲ್ಲಿ ಎತ್ತಿಸಿಕೊಳ್ಳುವುದು ಬೇಡವೆಂದು ನಿಂತೆ.

ಇನ್ನು, ತಪ್ಪಿನ ಮಾತೇ ಬಂದರೆ ನನ್ನ ಕಡೆಯೂ ಒಂದು ಬಾಕಿ ಇದೆ. ಮಕ್ಕಳ ನಿಶ್ಚಯದ ಮಾತಿಗೆ ಬಂದಾಗ ನೀವು ನನ್ನ ಖಾನಾವಳಿಯಲ್ಲಿ ಕುಂತಿರಿ, ಖರೆ. ಆದರೆ ಉಂಡದ್ದು ಬೀಳಗಿಯಿಂದ ಕಟ್ಟಿಕೊಂಡು ಬಂದ ಬುತ್ತಿ. "ಹೊರಗಿಂದು ನಮಗ ಆಗಿಬರೂದಿಲ್ರಿ" ಅಂದಿರಿ. ಗಂಡ ತೀರಿದ ಮೇಲೆ ತಲೆಯ ಮೇಲೆ ಬುಟ್ಟಿ ಹೊತ್ತು, ಮನೆಮನೆಗೆ ರೊಟ್ಟಿ ಮಾರಿ ಈ ಖಾನಾವಳಿ ಕಟ್ಟಿದವಳು ನಾನು. ಡ್ರೈವರನಿಂದ ಹಿಡಿದು ಫೌಜದಾರನ ತನಕ ನನ್ನ ಕೈ ರೊಟ್ಟಿಗೆ ಕಾಯುತ್ತಾರೆ. ನೀವು ನನ್ನ ಎದುರಿಗೇ ನಿಮ್ಮ ಡಬ್ಬಿ ಬಿಚ್ಚಿದಿರಿ. ನಾನು ಕಾಗದ ಬರೆದೆನೇನು?

ನಿಮ್ಮದೂ ನನ್ನದೂ ವಜಾ ಆಯಿತು ಅನ್ನಿ. ಅಕ್ಷತಾಳಿಗೆ ಹುಣಸೆಹಣ್ಣು ಹೆಚ್ಚು ಕೊಡಬೇಡಿ.

ಇಂದ್ರವ್ವ


ಬೀಳಗಿ, 9 ಡಿಸೆಂಬರ್ 2023

ಇಂದ್ರವ್ವನವರೆ,

ಬುತ್ತಿಯ ಮಾತು ಒಪ್ಪಿಕೊಂಡೆ. ನಾನು ಬೆಳೆದ ಮನೆಯ ಶಿಸ್ತು ಹಾಗಿತ್ತು. ನಿಮಗೆ ನೋವಾಗುತ್ತದೆಂದು ಆ ಹೊತ್ತಿಗೆ ಹೊಳೆಯಲಿಲ್ಲ.

ಆದರೆ ಮಂಡಿಯ ಮಾತು ಒಪ್ಪುವುದಿಲ್ಲ. ಅದೇ ದಿನ ಮಾಳಿಗೆಯ ಮೇಲೆ ಒಣಹಾಕಿದ ಮೆಣಸಿನಕಾಯಿ ನೋಡಲು ನೀವು ಏಣಿ ಹತ್ತಿದಿರಿ. ಆಡಿನ ಹಾಗೆ ಹತ್ತಿದಿರಿ. ಕೆಳಗೆ ಏಣಿ ಹಿಡಿದವಳು ನಾನೇ. ಮುಂದೆ ಕೇಳಿ. ನಿಮ್ಮನ್ನು ಬಸ್ಸಿಗೆ ಹತ್ತಿಸಲು ಬಂದಿದ್ದ ನಮ್ಮವರು ಹೇಳಿದರು, ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ಬೀಗತಿ ಕಂಬಿ ಹಿಡಿದು ನಿಂತೇ ಹೋದರು ಎಂದು. ನಮ್ಮ ಜಮಖಾನೆಯ ಮೇಲೆ ಸಿಟ್ಟಾದರೆ ಸರಕಾರಿ ಸೀಟು ಏನು ಮಾಡಿತ್ತು?

ಸುಳ್ಳು ಹೇಳುವ ಮಕ್ಕಳನ್ನು ನೋಡುತ್ತಲೇ ನಿವೃತ್ತಳಾದವಳು ನಾನು. ಏನಾಗಿದೆ ನಿಮಗೆ?

ರಾಜೇಶ್ವರಿ


ಜಮಖಂಡಿ, 28 ಡಿಸೆಂಬರ್ 2023

ಅಕ್ಕೋರೆ,

ಸರಕಾರಿ ಸೀಟಿನ ಹತ್ತಿರ ಸಿಕ್ಕಿಬಿದ್ದೆ.

ತಡವಾದದ್ದು ಬೆಳಗಾವಿಯ ದೊಡ್ಡ ದವಾಖಾನೆಗೆ ಓಡಾಡಿದ್ದರಿಂದ. ಹೆಂಗಸು ಹೆಂಗಸಿಗೆ ಬರೆದದ್ದೆಂದು ಓದಿ, ಓದಿ ಒಲೆಗೆ ಹಾಕಿ.

ಬೇನೆ ಇರುವುದು ಕೂಡುವ ಜಾಗದಲ್ಲೇ. ಎರಡು ವರ್ಷದಿಂದ ತುರಿಕೆ. ಮೊದಲು ರೂಪಾಯಿ ಬಿಲ್ಲೆಯಷ್ಟು ಕೆಂಪು, ಆಮೇಲೆ ಅಂಗೈಯಷ್ಟು, ಆಮೇಲೆ ನೀರು ಒಸರುವುದು. ದಿನವಿಡೀ ಒಲೆಯ ಮುಂದೆ ಕುಂತು ರೊಟ್ಟಿ ಬಡಿಯುವ ಹೆಂಗಸರಿಗೆ ಕೆಳಗೆ ಕಾವು ಹಿಡಿಯುತ್ತದೆಂದು ನಾವೆಲ್ಲ ನಂಬಿದವರು. ನನ್ನ ಜೋಡಿ ರೊಟ್ಟಿ ಬಡಿಯುವ ಮುದಕವ್ವನಿಗೆ ಹೇಳಿದೆ. "ಕಾವು ಬೇ ಅದು. ಕಾವಿಗೆ ಯಾರರ ದವಾಖಾನಿಗೆ ಹೊಕ್ಕಾರೇನು? ಔಡಲೆಣ್ಣಿ ಹಚ್ಚು, ಮಜ್ಜಿಗಿ ಕುಡಿ" ಅಂದಳು. ಹಚ್ಚಿದೆ, ಕುಡಿದೆ. ಕಾಲಿಗೆ ಬೇಕೆಂದು ಸುಳ್ಳು ಹೇಳಿ ಔಷಧಿ ಅಂಗಡಿಯಿಂದ ಗಜಕರ್ಣದ ಟ್ಯೂಬು ತರಿಸಿದೆ. ಎಲ್ಲವೂ ಎಂಟು ದಿನ ತಣ್ಣಗೆ, ಆಮೇಲೆ ಮೊದಲಿನ ಹಾಗೆ. ಸೀರೆಗೆ ರಕ್ತ ತಾಗಿದ ಮೇಲೆ ಹೋದೆ.

ಡಾಕ್ಟರ್ ಬಾಯಾರು ಸಣ್ಣ ವಯಸ್ಸಿನವರು. ಚರ್ಮದ ಚೂರು ತೆಗೆದು ತಪಾಸಣೆಗೆ ಕಳಿಸಿದರು. ಒಳಗೆ ನಳಿಕೆ ಹಾಕಿ ನೋಡಿದರು. ಆಮೇಲೆ ಎದುರಿಗೆ ನಿಲ್ಲಿಸಿಕೊಂಡು, ಕೂಡು ಅನ್ನಲಿಲ್ಲ ಪುಣ್ಯಾತ್ಗಿತ್ತಿ, "ಇದು ಚರ್ಮದ ರೋಗ ಅಲ್ರಿ ಅವ್ವಾರ" ಅಂದರು.

"ಚರ್ಮದ ಮ್ಯಾಲೇ ಕಾಣಾಕತ್ತೈತೆಲ್ರಿ?"

"ಗುದದ್ವಾರದ ಒಳಗ ಗಡ್ಡಿ ಐತ್ರಿ. ಕ್ಯಾನ್ಸರ್. ಅದು ಅಲ್ಲಿಂದ ಸುತ್ತಲಿನ ಚರ್ಮಕ್ಕ ಹಬ್ಬೈತಿ. ನೀವು ನೋಡಿದ್ದು ಅಂಗಳಾ. ಮನಿ ಒಳಗೈತಿ."

"ಬಾಡಿಗಿ ಕೊಡದ ಎರಡು ವರ್ಷ ಕುಂತಾನಲ್ರಿ ಭಾಡ್ಯಾ" ಅಂದೆ. ಬಾಯಾರು ನಗಬೇಕೋ ಬೇಡವೋ ತಿಳಿಯದೆ ಪೆನ್ನು ನೋಡುತ್ತ ಕುಂತರು.

ದೂರ ಎಲ್ಲೂ ಹೋಗಿಲ್ಲವಂತೆ. ಮೊದಲು ಐದು ವಾರ ಯಂತ್ರದ ಕೆಳಗೆ ಮಲಗಿಸಿ ಕರೆಂಟು ಕೊಡುತ್ತಾರೆ, ಜೊತೆಗೆ ಗುಳಿಗೆ. ಆಮೇಲೆ ಆಪರೇಷನ್. ಅದನ್ನು ಮಾಡಿಸಿಕೊಂಡರೆ ಬದುಕುವ ಆಸೆ ಛಲೋ ಇದೆ, ಬಿಟ್ಟರೆ ಇಲ್ಲ ಅಂದರು. ಕರೆಂಟಿಗೆ ಹೂಂ ಅಂದೆ. ಆಪರೇಷನ್ನಿಗೆ ಅಂದಿಲ್ಲ.

ಮಗ ನೀಲಕಂಠನಿಗೆ ಹೇಳಿದ್ದೇನೆ. ಹೆರಿಗೆಯಾಗುವ ತನಕ ಅಕ್ಷತಾಳಿಗೆ ಬೇಡ. ಮಂಡಿಯ ಸುಳ್ಳನ್ನು ಬಿಸಾಡಬೇಡಿ, ಅವಳಿಗೆ ಅದನ್ನೇ ಹೇಳಿ.

ಇಂದ್ರವ್ವ


ಬೀಳಗಿ, 2 ಜನವರಿ 2024

ಇಂದ್ರವ್ವನವರೆ,

ಒಲೆಗೆ ಹಾಕಿದೆ. ಹಾಕುವ ಮುಂಚೆ ಮತ್ತೊಮ್ಮೆ ಓದಿದೆ. ಜಮಖಾನೆಯ ಬಗ್ಗೆ ಬರೆದ ಕೈ ಇದೇ ಎಂದು ನೋಡಿಕೊಂಡು ನಾಚಿಕೆಯಾಯಿತು.

ಅಕ್ಷತಾ "ಮಂಡಿ ನೋವಿಗೆ ಅತ್ತಿ ಬೆಳಗಾವಿ ತನಕ ಯಾಕ ಹೊಂಟಾರ?" ಎಂದಳು. "ಅಲ್ಲಿ ಮಂಡಿ ಡಾಕ್ಟರು ಭಾಳ ಶ್ಯಾಣ್ಯಾರಂತ" ಎಂದೆ. ಎಷ್ಟು ಸರಾಗವಾಗಿ ಬಂತೆಂದರೆ ನನಗೇ ಹೆದರಿಕೆಯಾಯಿತು.

ಆಪರೇಷನ್ನಿಗೆ ಏಕೆ ಹೂಂ ಅಂದಿಲ್ಲ? ಸಾವಿನ ಭಯ ಎಲ್ಲರಿಗೂ ಇರುತ್ತದೆ. ಧೈರ್ಯ ತಂದುಕೊಳ್ಳಿ. ಮತ್ತು ಬರಿಸಿ ಮಾಡುತ್ತಾರೆ, ನೋವು ತಿಳಿಯುವುದಿಲ್ಲ. ದಿನಾ ಪೂಜೆಯಲ್ಲಿ ಶಿವನಿಗೆ ನಿಮ್ಮ ಹೆಸರು ಹೇಳುತ್ತಿದ್ದೇನೆ.

ರಾಜೇಶ್ವರಿ


ಬೆಳಗಾವಿ, 21 ಜನವರಿ 2024

ಅಕ್ಕೋರೆ,

ಶಿವನಿಗೆ ಹೆಸರು ಹೇಳುವಾಗ ವಿಳಾಸ ಬೆಳಗಾವಿಯದು ಕೊಡಿ. ನಾನು ತಮ್ಮನ ಮಗಳ ಮನೆಯಲ್ಲಿದ್ದೇನೆ. ಶಿವ ಜಮಖಂಡಿಗೆ ಹೋದರೆ ಮುದಕವ್ವ ಸಿಗುತ್ತಾಳೆ, ಕಡೆದ ಮಜ್ಜಿಗೆ ಕುಡಿಸಿ ಕಳಿಸುತ್ತಾಳೆ.

ಸಾವಿನ ಭಯ ಅಂತ ತಿಳಿದಿರಿ. ಅದಲ್ಲ. ಹೋದ ಕಾಗದದಲ್ಲಿ ಒಂದು ಮಾತು ಬರೆಯಲು ಕೈ ಬರಲಿಲ್ಲ, ಈಗ ಬರೆಯುತ್ತೇನೆ. ಆಪರೇಷನ್ನಿನಲ್ಲಿ ಕೆಳಗಿನ ದಾರಿಯನ್ನೇ ತೆಗೆಯುತ್ತಾರೆ. ರೋಗ ಹಬ್ಬಿದ ಚರ್ಮವನ್ನೂ ತೆಗೆದು, ತೊಡೆಯ ಕಡೆಯ ಚರ್ಮ ತಂದು ಮುಚ್ಚಿ ಹೊಲಿಯುತ್ತಾರೆ. ಹೊಟ್ಟೆಯ ಎಡಗಡೆ ಒಂದು ಬಾಯಿ ಮಾಡಿ ಅದರ ಮೇಲೆ ಚೀಲ ಅಂಟಿಸುತ್ತಾರೆ. ಇನ್ನು ಮೇಲೆ ಹೇಲು ಬೀಳುವುದು ಅದರೊಳಗೆ. ಇರುವ ತನಕ.

ಈಗ ಹೇಳಿ, ರೊಟ್ಟಿ ಬಡಿಯುವವಳ ಸೆರಗಿನ ಕೆಳಗೆ ಅದು ಇದೆ ಎಂದು ತಿಳಿದ ಮೇಲೆ ಯಾರು ಉಣ್ಣುತ್ತಾರೆ? ರೊಟ್ಟಿ ಬಿಟ್ಟರೆ ನನ್ನ ಹತ್ತಿರ ಇನ್ನೊಬ್ಬ ಇಂದ್ರವ್ವ ಇಲ್ಲ. ಮೂಲೆಯಲ್ಲಿ ಕುಂತು, ಅದೂ ಕೂಡಲು ಬಂದರೆ, ಸೊಸೆ ಹಾಕಿದ್ದನ್ನು ಉಂಡು ಬದುಕುವುದಕ್ಕೆ ಇಷ್ಟೆಲ್ಲ ಕೊಯ್ಸಿಕೊಳ್ಳಬೇಕೆ?

ಫೋನಿನಲ್ಲಿ ಮುದಕವ್ವನನ್ನು ಕೇಳಿದೆ. "ಹುಚ್ಚಿ ಅದಿ ಏನ್ ಬೇ, ಎಲ್ಲಾರೂ ಉಣ್ತಾರ" ಅಂದಳು, ನನ್ನ ಮಾತು ಮುಗಿಯುವ ಮುಂಚೆಯೇ. ನೀಲಕಂಠ "ಯವ್ವಾ, ಏನ್ ಮಾತಾಡ್ತಿ ನೀ" ಅಂದ. ಡಾಕ್ಟರ್ ಬಾಯಾರು "ಯಾರಿಗೂ ಗೊತ್ತಾಗೂದಿಲ್ರಿ" ಅಂದರು. ತಕ್ಕಡಿಗೆ ಹಾಕದೆ ಸುರಿದ ಕಾಳು ಮನೆಗೆ ಬಂದು ನೋಡಿದರೆ ಕಡಿಮೆಯೇ ಇರುತ್ತದೆ. ತೂಗಿ ಹೇಳುವವರು ನೀವೊಬ್ಬರೇ ಉಳಿದಿರಿ.

ಚೀಲ ಇಟ್ಟುಕೊಂಡು ನಾನು ಬಡಿದ ರೊಟ್ಟಿ ನೀವು ಉಣ್ತೀರೇನು? ಖರೆ ಹೇಳ್ರಿ.

ಇಂದ್ರವ್ವ


ಬೀಳಗಿ, 4 ಫೆಬ್ರವರಿ 2024

ಇಂದ್ರವ್ವನವರೆ,

ಅಜ್ಜಿಯಾದಿರಿ! ಫೋನಿನಲ್ಲಿ ಕೇಳಿದ್ದೀರಿ, ಆದರೂ ಬರೆಯುವ ಸಂತೋಷ ಬೇರೆ. ಹೆಣ್ಣು ಕೂಸು. ಮೂಗು ನಿಮ್ಮದೇ. ಹುಟ್ಟಿದ ಕೂಡಲೇ ಅತ್ತ ಜೋರಿಗೆ ನರ್ಸಬಾಯಿ "ಖಾನಾವಳಿಯಾಕಿ ಮೊಮ್ಮಗಳೇನ್ರಿ? ಹಸಿವಿ ತಡಿಯೂ ಪೈಕಿ ಅಲ್ಲ ಇದು" ಅಂದಳು. ಅಕ್ಷತಾ ಆರಾಮ. ನೀಲಕಂಠ ಅವಳಿಗೆ ಎಲ್ಲ ಹೇಳಿದ. ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು "ಅತ್ತಿಗೆ ದಿನಾ ಕೂಸಿನ ಫೋಟೋ ಕಳಸ್ತೇನಿ" ಅಂದಳು. ತೊಟ್ಟಿಲ ಕಾರ್ಯಕ್ಕೆ ನಿಮಗೆ ಬರಲಾಗದು, ಗೊತ್ತು. ಇಲ್ಲಿ ಚಳಿ ಇಳಿದಿದೆ. ಕಡಲೆ ಈ ವರ್ಷ ಚೆನ್ನಾಗಿದೆ. ಕೂಸಿಗೆ ಸ್ನಾನವೆಂದರೆ ಪಂಚಪ್ರಾಣ.

ರಾಜೇಶ್ವರಿ


ಬೆಳಗಾವಿ, 13 ಫೆಬ್ರವರಿ 2024

ಅಕ್ಕೋರೆ,

ಕೂಸಿನ ಫೋಟೋ ದಿನಾ ಬರುತ್ತದೆ. ಕರೆಂಟು ಕೊಡುವ ಹುಡುಗನಿಂದ ಹಿಡಿದು ಚಹಾದವನ ತನಕ ಎಲ್ಲರಿಗೂ ತೋರಿಸಿ ಆಯಿತು. ಮೂಗು ನನ್ನದಲ್ಲ, ನನ್ನ ಅವ್ವನದು. ನನಗೆ ಬಂದದ್ದೇ ಕಡ.

ಐದು ವಾರ ಮುಗಿಯಿತು. ಅಲ್ಲಿ ಚರ್ಮ ಹಂಚಿನ ಮೇಲೆ ಮರೆತ ರೊಟ್ಟಿಯ ಹಾಗಾಗಿದೆ. ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕುಂತು ರಾಣಿಯ ಹಾಗೆ ಚಹಾ ಕುಡಿಯುತ್ತೇನೆ.

ಒಂದು ಮಾತು ಕೇಳಲೇ? ಕಠಿಣ ಪ್ರಶ್ನೆ ಬಿಟ್ಟು, ಗೊತ್ತಿದ್ದದ್ದನ್ನೇ ಉದ್ದಕ್ಕೆ ಬರೆದ ಹುಡುಗರಿಗೆ ನೀವು ಎಷ್ಟು ಅಂಕ ಕೊಡುತ್ತಿದ್ದಿರಿ? ಕಡಲೆಗೂ ಚಳಿಗೂ ಪೂರ್ತಿ ಅಂಕ. ದೊಡ್ಡ ಪ್ರಶ್ನೆಯ ಜಾಗ ಖಾಲಿ. ಬೇಡ ಅನ್ನುವುದೂ ಉತ್ತರವೇ, ಅಕ್ಕೋರೆ. ಇಂದ್ರವ್ವ ಬೇಡ ಅನ್ನಿಸಿಕೊಂಡು ಬೆಳೆದವಳು. ಬುಟ್ಟಿ ಹೊತ್ತು ಹೋದಾಗ ಮೊದಲ ಓಣಿ ಪೂರ್ತಿ ಬೇಡ ಅಂದಿತ್ತು. ಬಾಗಿಲು ತೆಗೆಯದೆ ಒಳಗೇ ಸುಮ್ಮನೆ ನಿಂತವರು ಇರುತ್ತಾರಲ್ಲ, ಅವರ ಮನೆಯ ಮುಂದೆ ಮಾತ್ರ ಬುಟ್ಟಿ ಭಾರ ಅನ್ನಿಸುತ್ತಿತ್ತು.

ಇಂದ್ರವ್ವ


ಬೀಳಗಿ, 26 ಫೆಬ್ರವರಿ 2024

ಇಂದ್ರಕ್ಕ,

ಹೀಗೆ ಕರೆಯಬಹುದಲ್ಲವೆ?

ಬಾಗಿಲ ಹಿಂದೆ ನಿಂತಿದ್ದೆ, ಖರೆ. ಉತ್ತರ ಗೊತ್ತಿರಲಿಲ್ಲ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಮಕ್ಕಳಿಗೆ ಹೇಳಿಕೊಟ್ಟವಳು ನಾನು. ಬಾಯಿ ಅದನ್ನು ಕಲಿತಿದೆ. ಕೈ ಕಲಿತಿದೆಯೇ ಎಂದು ನನ್ನನ್ನೇ ಕೇಳಿಕೊಂಡೆ.

ಮೊನ್ನೆ ಕೂಸು ನನ್ನ ತೊಡೆಯ ಮೇಲೇ ಮಾಡಿಕೊಂಡಿತು. ಸೀರೆಯೆಲ್ಲ ಆಯಿತು. ಒರೆಸಿದೆ, ಕೈ ತೊಳೆದೆ, ಸೀರೆ ಬದಲಿಸಿ ಹೋಗಿ ಅಕ್ಕಿ ಒಲೆಯ ಮೇಲಿಟ್ಟೆ. ಅನ್ನ ಕುದಿಯುವಾಗ ನಿಮ್ಮ ಪ್ರಶ್ನೆ ನೆನಪಾಯಿತು. ಅದು ಕೂಸು, ಇದು ಬೇರೆ ಎಂದಿತು ಮನಸ್ಸು. ಏನು ಬೇರೆ ಎಂದು ನಾನು ಅದನ್ನೇ ತಿರುಗಿ ಕೇಳಿದೆ.

ನೀವು ಖರೆ ಕೇಳಿದ್ದೀರಿ. ಮೊದಲ ತುತ್ತಿಗೆ ನನ್ನ ಕೈ ತಡೆದೀತು. ಎರಡನೆಯದಕ್ಕೆ ತಡೆಯಲಿಕ್ಕಿಲ್ಲ. ಇದಕ್ಕಿಂತ ಚೆಂದದ ಉತ್ತರ ಬರೆದು ಹರಿದುಹಾಕಿದೆ.

ರಾಜೇಶ್ವರಿ


ಜಮಖಂಡಿ, 4 ಮಾರ್ಚ್ 2024

ಅಕ್ಕೋರೆ,

ಹೂಂ ಅಂದು ಬಂದೆ. ಎಪ್ರಿಲ್ ಎರಡನೆಯ ವಾರ ಆಪರೇಷನ್.

ಎಲ್ಲರೂ ತೂಗದೆಯೇ ಪೂರ್ತಿ ಕೊಡುತ್ತೇವೆ ಅಂದಾಗ ನನಗೆ ಭಯವಾಗಿತ್ತು. ನೀವು ಒಂದು ತುತ್ತು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟಿರಿ. ಒಂದು ತುತ್ತು ಹೋದರೆ ಹೋಗಲಿ, ಅಷ್ಟು ಹುಳ ಛಲೋ ಜೋಳದಲ್ಲೂ ಇರುತ್ತದೆ. ನಿಮ್ಮಂಥ ನಾಲ್ಕು ಜನ ಇದ್ದರೆ ಒಲೆ ಉರಿಯುತ್ತದೆ.

ಇಂದ್ರಕ್ಕ ಅನ್ನಿ, ಅಡ್ಡಿಯಿಲ್ಲ. ನಾನು ಮಾತ್ರ ಅಕ್ಕೋರೆ ಅನ್ನುವುದನ್ನು ಬಿಡುವುದಿಲ್ಲ. ಹೆದರಲು ಯಾರಾದರೂ ಒಬ್ಬರು ಬೇಕು.

ಇಂದ್ರವ್ವ


ಬೀಳಗಿ, 5 ಮೇ 2024

ಇಂದ್ರಕ್ಕ,

ಆಪರೇಷನ್ ಆಗಿ ಮೂರು ವಾರ ದಾಟಿತು, ನಿಮ್ಮ ಅಕ್ಷರ ಇಲ್ಲ. ನೀಲಕಂಠ ಫೋನಿನಲ್ಲಿ "ಅವ್ವ ಆರಾಮ ಅದಾಳ್ರಿ" ಅನ್ನುತ್ತಾನೆ. ಆರಾಮ ಎಂಬುದು ಗಂಡಸರ ಮಾತು, ಬಿಚ್ಚಿ ನೋಡಿದರೆ ಒಳಗೆ ಏನೂ ಇರುವುದಿಲ್ಲ. ಒಂದೇ ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ರಾಜೇಶ್ವರಿ


ಜಮಖಂಡಿ, 9 ಜೂನ್ 2024

ಅಕ್ಕೋರೆ,

ಬೈಯುವಷ್ಟು ಶಕ್ತಿ ಈಗ ಬಂತು. ಹಿಂದೆ ಹಾಕಿದ ಹೊಲಿಗೆಯಲ್ಲಿ ಒಂದು ಕಡೆ ಬಿಚ್ಚಿ, ಮಾಯಲು ಸತಾಯಿಸಿತು. ಮಗ್ಗುಲಾಗಿ ಮಲಗಿ ಕಾಗದ ಬರೆದರೆ ಅಕ್ಷರ ಗೋಡೆ ಹತ್ತುತ್ತವೆ. ಅದಕ್ಕೆ ಬರೆಯಲಿಲ್ಲ. ತೆಗೆದ ಚರ್ಮದ ಅಂಚಿನಲ್ಲಿ ರೋಗ ಉಳಿದಿಲ್ಲ ಎಂದು ರಿಪೋರ್ಟು ಬಂದಿದೆ. ಮೂರು ತಿಂಗಳಿಗೊಮ್ಮೆ ಹೋಗಿ ತೋರಿಸಬೇಕು. ತೋರಿಸುತ್ತೇನೆ. ನಾಚಿಕೆ ಎಲ್ಲ ಅಲ್ಲೇ ಠೇವಣಿ ಇಟ್ಟು ಬಂದಿದ್ದೇನೆ.

ಚೀಲ ಮಾತಾಡುತ್ತದೆ. ಮೊನ್ನೆ ಮುದಕವ್ವ ಮಗ್ಗುಲಲ್ಲಿ ಕುಂತಾಗ ಗುರ್ ಅಂದಿತು. "ಯಾರ್ ಬೇ ಅದು?" ಎಂದು ಹಿಂದೆ ತಿರುಗಿ ನೋಡಿದಳು. "ನಿನ್ನ ಮಜ್ಜಿಗಿ ಕೇಳಾಕತ್ತೈತಿ" ಅಂದೆ. ಇಬ್ಬರೂ ನಗಹೋಗಿ, ನನಗೆ ಹೊಲಿಗೆ ಜಗ್ಗಿ, ಅಳುತ್ತ ನಕ್ಕೆವು.

ಮುಚ್ಚಿಟ್ಟರೆ ಊರು ತನ್ನ ಖಾರ ಬೆರೆಸುತ್ತದೆ. ಅದಕ್ಕೆ ಹೋದ ವಾರ ಒಂದು ಮಧ್ಯಾಹ್ನ ಊಟಕ್ಕೆ ಕುಂತವರಿಗೆ ನಾನೇ ಹೇಳಿಬಿಟ್ಟೆ. "ನನಗ ಕೆಳಗ ಕ್ಯಾನ್ಸರ್ ಆಗಿತ್ತು. ತಗದಾರ. ಹೊಟ್ಟಿ ಮ್ಯಾಲ ಚೀಲ ಐತಿ, ಗಟ್ಟಿ ಅಂಟಿಸಿದ್ದು. ಕೈ ಸಾಬಾಣ ಹಚ್ಚಿ ತೊಳಕೊಂತೇನಿ, ಮೊದಲೂ ತೊಳಕೊಂತಿದ್ದೆ. ಉಣ್ಣಾವ್ರು ಉಣ್ರಿ, ಬ್ಯಾಡ ಅನ್ನಾವ್ರ ಮ್ಯಾಲ ನನಗ ಸಿಟ್ಟಿಲ್ಲ." ಸಾವಳಗಿ ಬಸ್ಸಿನ ಡ್ರೈವರ್ ಹುಲೆಪ್ಪ ತುತ್ತು ಹಿಡಿದವನು ಹಾಗೇ ಕುಂತ. ಆಮೇಲೆ "ಅದು ಇರ್ಲಿ ಅವ್ವಾರ. ಸಂಕ್ರಮಣದಿಂದ ಈ ಮುದಕವ್ವನ ರೊಟ್ಟಿ ತಿಂದು ನನ್ನ ಹಲ್ಲು ಸಡ್ಲ ಆಗ್ಯಾವ. ನೀವು ಹಂಚಿನ ಮುಂದ ಬರೂದು ಯಾವಾಗ, ಅದನ್ನ ಹೇಳ್ರಿ" ಅಂದ. ಮುದಕವ್ವ ಸೌಟು ಎತ್ತಿಕೊಂಡು ಅವನ ಮೇಲೆ ಹೋದಳು.

ಕೆಲವರು ಬರುವುದು ಬಿಟ್ಟರು. ಒಬ್ಬರು ತಾಟು ಅರ್ಧಕ್ಕೇ ಬಿಟ್ಟು ಎದ್ದರು. ಆ ತಾಟನ್ನು ನಾನೇ ಎತ್ತಿ ತೊಳೆದೆ. ಆದರೆ ಅದೇ ಸಂಜೆ ಹಿತ್ತಲ ಬಾಗಿಲಿಗೆ, ಬೇರೆ ಖಾನಾವಳಿಯ ರೊಟ್ಟಿ ಬಡಿಯುವ ಇಬ್ಬರು ಬಂದು "ಯಕ್ಕಾ, ನಮಗೂ ಕಾವು ಐತಿ" ಅಂದರು. ಔಡಲೆಣ್ಣೆಯ ಬಾಟಲಿ ಕಸಿದುಕೊಂಡು ದವಾಖಾನೆಗೆ ಅಟ್ಟಿದೆ. ಒಬ್ಬಳದು ಬರೀ ಗಜಕರ್ಣ, ಇನ್ನೊಬ್ಬಳದು ಮೂಲವ್ಯಾಧಿ. ಅಷ್ಟು ಖುಷಿಯಿಂದ ಮೂಲವ್ಯಾಧಿ ಹೇಳಿಕೊಂಡವಳನ್ನು ನಾನು ನೋಡಿರಲಿಲ್ಲ.

ನೀಲಕಂಠ ಎತ್ತರದ ಕಟ್ಟೆ ಕಟ್ಟಿಸುತ್ತಿದ್ದಾನೆ. ಇನ್ನು ನಿಂತು ಬಡಿಯುವುದು.

ಇಂದ್ರವ್ವ


ಜಮಖಂಡಿ, 15 ಸೆಪ್ಟೆಂಬರ್ 2024

ಅಕ್ಕೋರೆ,

ಮಗಳನ್ನೂ ಕೂಸನ್ನೂ ನಮ್ಮಲ್ಲಿಗೆ ತಂದುಬಿಟ್ಟು ನೀವು ಸುಖವಾಗಿ ಊರು ಮುಟ್ಟಿದ್ದನ್ನು ಅಕ್ಷತಾ ಹೇಳಿದಳು. ಕೂಸು ಒಂದು ದಿನ ನಿಮ್ಮನ್ನು ಹುಡುಕಿ ಅತ್ತಿತು. ಎರಡನೆಯ ದಿನ ಹುಲೆಪ್ಪನ ಮೀಸೆ ಸಿಕ್ಕ ಮೇಲೆ ನಿಮ್ಮನ್ನು ಮರೆಯಿತು. ಸಿಟ್ಟಾಗಬೇಡಿ.

ನೀವು ಡಬ್ಬಿ ತಾರದೆ ಬರಿಗೈಯಲ್ಲಿ ಇಳಿದದ್ದನ್ನು ನೋಡಿಯೇ ನಾನು ಹಂಚು ಕಾಯಲು ಇಟ್ಟೆ. ಫೆಬ್ರವರಿಯಿಂದ ನಾನು ಈ ಊಟಕ್ಕೇ ಕಾದಿದ್ದೆ. ಮೊದಲ ತುತ್ತಿಗೆ ನಿಮ್ಮ ಕೈ ಎಷ್ಟು ಹೊತ್ತು ತಡೆಯುತ್ತದೆ ನೋಡಬೇಕು ಎಂದು, ಒಲೆಯ ಕಡೆಯಿಂದ ತಾಟು ನೇರ ಕಾಣುವ ಜಾಗ ಹುಡುಕಿ, ಬೇಕೆಂದೇ ನಿಮ್ಮನ್ನು ಕಂಬದ ಪಕ್ಕ ಕೂಡಿಸಿದವಳು ಮುದಕವ್ವ ಅಲ್ಲ, ನಾನು. ತಾಟಿನಲ್ಲಿ ನಾನು ಬಡಿದ ರೊಟ್ಟಿ ಹಾಕಿಸಿ ನಿಂತೆ.

ಅಷ್ಟರಲ್ಲಿ ಲೋಕಾಪುರದ ಬಸ್ಸು ಬಂತು. ಜನ ನುಗ್ಗಿದರು. "ಅವ್ವಾರ, ಬಿಸಿವು ಬರ್ಲಿ! ಅವ್ವಾರ, ಈ ಕಡೆ!" ಮುದಕವ್ವ "ಏನ್ ಬೇ, ಕಂಬಾ ನೋಡ್ಕೊಂತ ನಿಂತಿ? ಹಂಚು ಕೆಂಪಾಗೈತಿ" ಎಂದು ಕೂಗಿದಳು. ಕೈಗೆ ಹಿಟ್ಟು ಬಂತು. ಒಂದು ಬಡಿದೆ, ಹಂಚಿಗೆ ಹಾಕಿದೆ, ನೀರು ಸವರಿದೆ, ಇನ್ನೊಂದು ಬಡಿದೆ. ತಿರುಗಿ ನೋಡಿದಾಗ ನಿಮ್ಮ ತಾಟಿನಲ್ಲಿ ರೊಟ್ಟಿಯ ಅಂಚು ಮಾತ್ರ ಉಳಿದಿತ್ತು. ನೀವು ಅಕ್ಷತಾಳಿಗೆ ಎಣ್ಣೆಗಾಯಿಗೆ ಉಪ್ಪು ಜಾಸ್ತಿಯಾಗಿದೆ ಅನ್ನುತ್ತಿದ್ದಿರಿ.

ನಿಮ್ಮ ಕೈ ತಡೆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ಬರೆದು ತಿಳಿಸಬೇಡಿ. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು, ನೋಡುವುದು ಮರೆತೇಹೋಯಿತು.

ಇಂದ್ರವ್ವ

ಉಪ್ಪು ಸರಿಯೇ ಇತ್ತು.